ನಗಿಸಲೆಂದು ಸೇರಿಸಿದ ಸಾಲು

ಜೂನ್ 2, ಸೋಮವಾರ

ಅಂತೂ ಇವತ್ತು ನನ್ನ ಬ್ಲಾಗ್ ಶುರುವಾಯಿತು. ಹೆಸರು ‘ಮೂಲೆಮೇಜು’. ಅಕ್ಕನ ಮನೆಯ ಹಾಲಿನಲ್ಲಿ, ಕಿಟಕಿಗೂ ಚಪ್ಪಲಿ ಸ್ಟ್ಯಾಂಡಿಗೂ ನಡುವೆ ನನಗೆ ಸಿಕ್ಕಿರುವ ಜಾಗಕ್ಕೆ ಇದಕ್ಕಿಂತ ಒಪ್ಪುವ ಹೆಸರು ಹೊಳೆಯಲಿಲ್ಲ. ಯಾರಾದರೂ ಒಳಗೆ ಬಂದರೆ ಮೊದಲು ಅವರ ಚಪ್ಪಲಿಯ ಪರಿಚಯವಾಗುತ್ತದೆ, ಆಮೇಲೆ ಮುಖದ್ದು.

ನಮ್ಮ ವೆಬ್ ಡೆವಲಪ್‌ಮೆಂಟ್ ಕೋರ್ಸಿನ ಸರ್ ಮೊದಲ ದಿನವೇ ಹೇಳಿದ್ದರು. ಪ್ರತಿಯೊಬ್ಬರೂ ಸ್ವಂತಕ್ಕೊಂದು ಸೈಟ್ ಕಟ್ಟಬೇಕು, ಕೋರ್ಸ್ ಮುಗಿಯುವಾಗ ಅದನ್ನೇ ಪ್ರದರ್ಶನಕ್ಕೆ ಇಡಬೇಕು, ಕೆಲಸ ಕೊಡುವವರು ಬಂದು ನೋಡುತ್ತಾರೆ. ನನ್ನ ಪಕ್ಕ ಕೂರುವ ಗಡ್ಡದವನು ವಾರದೊಳಗೆ ಮುಗಿಸಿಬಿಟ್ಟ. ನಾನು ತಿಂಗಳಿಡೀ ಒದ್ದಾಡಿದೆ. ಇದನ್ನು ಬ್ಲಾಗಿನಲ್ಲಿ ಬರೆಯೋಕಾಗುತ್ತದೆಯೆ? ಅದಕ್ಕೇ ಈ ಡೈರಿ. ಊರಿಗೆ ಹೇಳಬಾರದ್ದೆಲ್ಲ ಇಲ್ಲಿಗೆ.

ಊಟಕ್ಕೆ ಕೂತಾಗ ಭಾವ ಕೇಳಿದರು, “ಬ್ಲಾಗ್ ಅಂದ್ರೆ ಏನಮ್ಮ ಅದು?”

“ನಾನು ಬರೀತೀನಿ ಭಾವ, ಯಾರು ಬೇಕಾದ್ರೂ ಓದಬಹುದು.”

“ಅಂದ್ರೆ ಗೋಡೆ ಮೇಲೆ ಬರೆದ ಹಾಗೆ. ಗೋಡೆ ಮಾತ್ರ ನಿಂದು, ಬೈಯೋರಿಲ್ಲ.”

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಭಾವ ನಗಲಿಲ್ಲ. ಅವರ ಜೋಕುಗಳಿಗೆ ಅವರು ನಗುವುದೇ ಇಲ್ಲ. ಅದೇ ದೊಡ್ಡ ಜೋಕು.

ಜೂನ್ 7, ಶನಿವಾರ

‘ವೆಬ್ ಪುಟದಲ್ಲಿ ಚಿತ್ರ, ಬರಹದ ಡಬ್ಬಿಗಳನ್ನು ಸಾಲಾಗಿ ನಿಲ್ಲಿಸುವುದು ಹೇಗೆ’ ಅಂತ ಎರಡು ದಿನ ಕೂತು ಬರೆದೆ. ಓದಿದವರು: ಗಡ್ಡ ಮತ್ತು ನಾನು. ಅವನು ಓದಿದ್ದೂ ತಪ್ಪು ಹುಡುಕೋಕೆ. ಹುಡುಕಿದ, ಸಿಕ್ಕಿತು.

ಬೇಜಾರಾಗಿ ಇವತ್ತು ಭಾವನ ಬಗ್ಗೆ ಗೀಚಿದೆ. ಭಾವ ಲಿಫ್ಟ್ ಮೆಕ್ಯಾನಿಕ್. ಯಾವ ಕಟ್ಟಡಕ್ಕೆ ಹೋದರೂ ಲಿಫ್ಟಿನೊಳಗೆ ನಿಂತು ಗೋಡೆಗೆ ಕಿವಿ ಕೊಡುತ್ತಾರೆ. ಬಟ್ಟೆ ಅಂಗಡಿಗೆ ಹೋದಾಗ ನಾವು ಇಳಿದರೂ ಅವರು ಇಳಿಯಲಿಲ್ಲ. “ಇದಕ್ಕೆ ಗಂಟಲು ಕಟ್ಟಿದೆ” ಅಂತ ಮತ್ತೆ ಮೇಲೆ ಹೋದರು. ನಾನು, ಅಕ್ಕ ಸೀರೆ ಆರಿಸಿ ಮುಗಿಸಿದರೂ ಮನುಷ್ಯ ಪತ್ತೆಯಿಲ್ಲ. ಬರೆದು ಹಾಕಿದ ಒಂದೇ ಗಂಟೆಯಲ್ಲಿ ಗುರುತಿಲ್ಲದವರು ಯಾರೋ ಬರೆದಿದ್ದಾರೆ: “ನಿಮ್ಮ ಭಾವನನ್ನು ನಮ್ಮ ಕಟ್ಟಡಕ್ಕೂ ಕಳಿಸಿ.”

ಜನರಿಗೆ ಬೇಕಾದ್ದು ಡಬ್ಬಿಗಳಲ್ಲ, ಭಾವ.

ಜೂನ್ 12, ಗುರುವಾರ

ಇವತ್ತು ಸಿಕ್ಕಿತು ನೋಡು ನಿಜವಾದ ಸರಕು!

ಮಧ್ಯಾಹ್ನ ನಾನು ಕ್ಲಾಸಿಗೆ ಹೊರಡುವ ಮುಂಚೆ ಭಾವ ಮನೆಗೆ ಬಂದರು. ಚಾಪೆ ಎಳೆದುಕೊಂಡವರೇ ಹಾಲಿನ ನಡುವೆ ಬಿದ್ದುಕೊಂಡರು. ಕಂಪನಿಯ ಅಂಗಿ ಕೂಡ ಬಿಚ್ಚಿಲ್ಲ. ಪ್ಯಾಂಟು ಮೊಣಕಾಲಿನ ತನಕ ಒದ್ದೆ, ನೆಲದ ಮೇಲೆಲ್ಲ ನೀರು. ಅಕ್ಕ ಕೆಲಸ ಮಾಡುವ ಕನ್ನಡಕದ ಅಂಗಡಿಯಿಂದ ಬಂದು ನೋಡಿದರೆ ಇಬ್ಬರಿಗೂ ಕಾದಿದೆ ಅಂದುಕೊಂಡೆ. ಬಾಯಿ ತೆರೆದು ಗೊರಕೆ, ಬಲಗೈ ಗಾಳಿಯಲ್ಲಿ, ತೋರುಬೆರಳು ಚಾಚಿ ಯಾವುದೋ ಬಟನ್ ಒತ್ತುತ್ತಿರುವ ಹಾಗೆ. ಫೋಟೋ ತೆಗೆಯದೆ ಇರುವುದು ಹೇಗೆ?

ಮುಖ ಕಾಣಬಾರದು ಅನ್ನುವಷ್ಟು ಬುದ್ಧಿ ನನಗೂ ಇದೆ. ಚಿತ್ರದ ಒಂದು ಭಾಗ ಮಾತ್ರ ಪುಟದಲ್ಲಿ ಕಾಣುವ ಹಾಗೆ ಮಾಡುವುದು ಹೇಗೆಂದು ನಿನ್ನೆ ತಾನೇ ಕಲಿತಿದ್ದೆ. ಚಾಚಿದ ಬೆರಳು, ಹೊಟ್ಟೆ, ಅಂಗಿಯ ಗುಂಡಿಗಳು ಇಷ್ಟೇ ಉಳಿಸಿದೆ. ಅಚ್ಚುಕಟ್ಟಾಗಿ ಬಂತು. ಕೆಳಗೆ ಬರೆದೆ: ‘ಹಾಸಿಗೆಯಿಂದಲೇ ಲಿಫ್ಟ್ ರಿಪೇರಿ. ನಮ್ಮ ಭಾವ ಕಟ್ಟಡಕ್ಕೆ ಹೋಗುವುದಿಲ್ಲ. ಇಲ್ಲಿ ಮಲಗಿ ಧ್ಯಾನ ಮಾಡುತ್ತಾರೆ, ಅಲ್ಲಿ ಲಿಫ್ಟ್ ಸರಿಹೋಗುತ್ತದೆ. ಆಮೇಲೆ ಮಲಗಿದಲ್ಲೇ ತಪಾಸಣೆ ಕಾರ್ಡಿಗೆ ಒಂದೊಂದಾಗಿ ಟಿಕ್ ಹಾಕಿ, ಮಗ್ಗುಲು ಬದಲಿಸುತ್ತಾರೆ.’

ಟಿಕ್ ಹಾಕಿದ್ದು ನಿಜವಲ್ಲ. ಜೇಬಿನಲ್ಲಿ ಕಾರ್ಡ್ ಇಣುಕುತ್ತಿತ್ತು, ಅಷ್ಟೇ. ಆದರೆ ಆ ಸಾಲು ಇಲ್ಲದಿದ್ದರೆ ಬರಹ ಸಪ್ಪೆ. ಸಂಜೆ ಅಕ್ಕನಿಗೆ ಫೋನ್ ನೋಡಿ ಓದಿ ಹೇಳಿದೆ. ನಕ್ಕಳು. ನಕ್ಕು, “ಪಾಪ, ಅವರನ್ನ ಒಂದು ಮಾತು ಕೇಳೇ” ಅಂದಳು. ಅಷ್ಟರಲ್ಲಿ ಹಾಕಿಯಾಗಿತ್ತು.

ಜೂನ್ 13, ಶುಕ್ರವಾರ

ಸರ್ ನನ್ನ ಬರಹವನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದರು! ಇಡೀ ಕ್ಲಾಸ್ ಬಿದ್ದು ಬಿದ್ದು ನಕ್ಕಿತು. ಸಂಸ್ಥೆಯ ಪುಟದಲ್ಲಿ ‘ನಮ್ಮ ವಿದ್ಯಾರ್ಥಿಗಳು’ ಅನ್ನುವ ಕಡೆ ಅದಕ್ಕೆ ಕೊಂಡಿ ಕೊಡುತ್ತಾರಂತೆ. ಗಡ್ಡದವನ ಮುಖ ನೋಡಬೇಕಿತ್ತು.

ಜೂನ್ 19, ಗುರುವಾರ

ಬೆಳಗ್ಗೆ ಎದ್ದು ಮುಖ ತೊಳೆಯುವ ಮುಂಚೆ ಬ್ಲಾಗಿಗೆ ಎಷ್ಟು ಜನ ಬಂದರು ಅಂತ ನೋಡುತ್ತೇನೆ. ತಿಂಡಿ ತಿಂದು ಮತ್ತೊಮ್ಮೆ. ಬಸ್ಸಿನಲ್ಲಿ ಮತ್ತೊಮ್ಮೆ. ಸರ್ ಕೊಟ್ಟ ಅಭ್ಯಾಸಗಳು ಹಾಗೇ ಕೂತಿವೆ. ಅವು ಎಲ್ಲಿಗೂ ಓಡಿಹೋಗಲ್ಲ.

ಭಾವ ಕೇಳಿದರು, “ನಿನ್ನ ಗೋಡೆನ ಈಗ ತುಂಬಾ ಜನ ಓದ್ತಾರಂತೆ?”

“ಹೂಂ ಭಾವ. ತುಂಬಾ.”

“ನಮ್ಮ ಕಂಪನೀಲಿ ಎಲ್ಲರಿಗೂ ಹೇಳಿದೀನಿ. ನನ್ನ ನಾದಿನಿ ಬರೀತಾಳೆ, ಓದಿ ಅಂತ. ಸೂಪರ್‌ವೈಸರ್‌ಗೂ ಅದರ ಹೆಸರು ಬರೆದು ಕೊಟ್ಟೆ. ನಂಗೆ ಈ ಫೋನಲ್ಲಿ ಅಕ್ಷರ ಸಣ್ಣ ಕಾಣತ್ತೆ, ನೀನೇ ಒಂದಿನ ಓದಿ ಹೇಳು.”

ಓದಿ ಹೇಳ್ತೀನಿ ಅಂದೆ. ಮಲಗಿರುವ ಫೋಟೋ ನೋಡಿದರೆ ಬೈಯಬಹುದು, ಆಮೇಲೆ ನಗಬಹುದು. ಭಾನುವಾರ ತೋರಿಸಿದರಾಯಿತು.

ಜೂನ್ 24, ಮಂಗಳವಾರ

ರಕ್ತ ಪರೀಕ್ಷೆ ಮಾಡುವ ಲ್ಯಾಬು ಇರುವ ಕಟ್ಟಡದಲ್ಲಿ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಬಿಟ್ಟಿದೆ. ಒಳಗೆ ಒಬ್ಬ ಅಜ್ಜಿ, ಒಬ್ಬರೇ. ಕೂಗಿಕೊಂಡಿದ್ದಾರೆ. ಮೆಕ್ಯಾನಿಕ್ ಬರುವ ತನಕ ಕಾಯದೆ ವಾಚ್‌ಮನ್ ಬಾಗಿಲು ಮೀಟಿ ತೆಗೆದು, “ಹಾರಿ ಅಜ್ಜಿ, ನಾನು ಹಿಡ್ಕೋತೀನಿ” ಅಂದನಂತೆ. ಹಿಡಿಯೋಕಾಗಲಿಲ್ಲ. ಸೊಂಟದ ಮೂಳೆ ಮುರಿದಿದೆ.

ಆ ಲಿಫ್ಟ್ ಭಾವನ ಕೈಕೆಳಗಿನದು.

ಭಾವ ಮನೆಗೆ ಬಂದಾಗ ಕತ್ತಲಾಗುತ್ತಿತ್ತು. ತಟ್ಟೆ ಮುಂದೆ ಕೂತರು, ಅನ್ನ ಕಲಸಿದರು, ಎದ್ದರು. “ಬಾಗಿಲಿನ ಸ್ವಿಚ್ಚು” ಅಂತ ಒಂದು ಸಲ ಅಂದರು. ಯಾರಿಗೆ ಅಂದರೋ ಗೊತ್ತಾಗಲಿಲ್ಲ.

ಜೂನ್ 26, ಗುರುವಾರ

ಹೇಗೆ ಬರೆಯಲಿ ತಿಳಿಯುತ್ತಿಲ್ಲ.

ಇವತ್ತು ಕಂಪನಿಯಲ್ಲಿ ಭಾವನನ್ನು ಕರೆಸಿದ್ದರು. ಕೊನೆಯ ಸಲ ಆ ಲಿಫ್ಟನ್ನು ತಪಾಸಣೆ ಮಾಡಿದ್ದು ಯಾವಾಗ ಅಂತ ಕೇಳಿದರು. ಹನ್ನೆರಡನೇ ತಾರೀಕು ಅಂದರಂತೆ ಭಾವ, ಕಾರ್ಡ್ ತೋರಿಸಿದರಂತೆ. ಆಗ ಸೂಪರ್‌ವೈಸರ್ ಎರಡು ಹಾಳೆ ಮೇಜಿನ ಮೇಲಿಟ್ಟ. ಒಂದರಲ್ಲಿ ನನ್ನ ಬರಹ, ಅದೇ ಹನ್ನೆರಡನೇ ತಾರೀಕಿನದು. ‘ಮಲಗಿದಲ್ಲೇ ಟಿಕ್’ ಅನ್ನುವ ಸಾಲಿಗೆ ಕೆಂಪು ಗೆರೆ. ಇನ್ನೊಂದರಲ್ಲಿ ಭಾವನ ಮುಖ. ದೊಡ್ಡದಾಗಿ, ಬಾಯಿ ತೆರೆದುಕೊಂಡು.

ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರಬೇಡ ಅಂದಿದ್ದಾರೆ. ತಪ್ಪು ಅಂತ ತೀರ್ಮಾನವಾದರೆ ಕೆಲಸ ಹೋಗುವುದಷ್ಟೇ ಅಲ್ಲ, ಪೊಲೀಸರ ತನಕ ಹೋಗಬಹುದಂತೆ.

ಭಾವ ಆ ಹಾಳೆಗಳನ್ನು ತಂದು ನನ್ನ ಮೇಜಿನ ಮೇಲಿಟ್ಟರು. ನಾನು ಎದ್ದು ನಿಂತೆ.

“ನಾನು ಯಾವತ್ತು ಮಲಗಿಕೊಂಡು ಟಿಕ್ ಹಾಕಿದೆ, ಹೇಳು.”

ನಾನು ಆ ಕೆಂಪು ಗೆರೆಯ ಮೇಲೆ ಕೈಯಿಟ್ಟು ಮುಚ್ಚಿದೆ.

“ಬೈತಿಲ್ಲ. ನಿಜವಾಗ್ಲೂ ಕೇಳ್ತಿದೀನಿ. ನಂಗೆ ಮರೆತುಹೋಗಿದ್ರೆ ನೆನಪು ಮಾಡು.”

“ಇಲ್ಲ ಭಾವ. ನೀವು ಹಾಕಿಲ್ಲ. ನಗು ಬರಲಿ ಅಂತ...”

ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಅವಳು ಹಾಗೆ ಕಿರುಚಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. “ನಗು ಬಂತಾ? ಬಂತೇನೇ? ನಗು ಈಗ!”

ಆ ಹನ್ನೆರಡನೇ ತಾರೀಕು ಭಾವ ಬೆಳಕು ಹರಿಯುವ ಮುಂಚೆ ಎದ್ದು ಹೋಗಿದ್ದರಂತೆ. ಲ್ಯಾಬಿನವರು ಬೆಳಗಿನ ಹೊತ್ತು ಮಾತ್ರ ಲಿಫ್ಟ್ ನಿಲ್ಲಿಸೋಕೆ ಒಪ್ಪುತ್ತಾರೆ. ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ನೀರು ನಿಂತಿತ್ತು, ಅದನ್ನೆಲ್ಲ ಎತ್ತಿ ಹಾಕಿ ಕೆಲಸ ಮುಗಿಸಿ ಬಂದಿದ್ದರು. ಬಾಗಿಲಿನ ಸ್ವಿಚ್ ಸವೆದಿದೆ, ಅದು ಕೈಕೊಟ್ಟರೆ ಲಿಫ್ಟ್ ನಡುವೆ ನಿಂತುಬಿಡುತ್ತದೆ, ಬದಲಾಯಿಸಿ ಅಂತ ಕಂಪನಿಗೆ ಹೇಳಿಯೂ ಇದ್ದರಂತೆ. ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ಕೇಳಿರಲಿಲ್ಲ.

ಜೂನ್ 27, ಶುಕ್ರವಾರ

ಬರಹ ತೆಗೆದುಹಾಕಿದೆ. ಆದರೂ ಹುಡುಕಿದರೆ ಸಿಗುತ್ತಿದೆ. ಕ್ಲಾಸಿಗೆ ಹೋಗಿ ಸರ್ ಹತ್ತಿರ ಎಲ್ಲ ಹೇಳಿದೆ. ಅವರು ತಕ್ಷಣ ಕೊಂಡಿ ಕಿತ್ತರು. ಆಮೇಲೆ ಕುರ್ಚಿ ಎಳೆದು ಕೂರಿಸಿದರು.

“ಅಳಿಸೋದು ಸುಲಭ ಅಮ್ಮ. ಆದ್ರೆ ಓದಿದವರು ಉಳಿಸಿಕೊಂಡಿರ್ತಾರೆ, ಹುಡುಕೋ ಸೈಟುಗಳಲ್ಲೂ ಸ್ವಲ್ಪ ದಿನ ಅದರ ಪ್ರತಿ ಇರತ್ತೆ.”

“ಮುಖ ಕತ್ತರಿಸಿದ್ದೆ ಸರ್. ಅದು ಹೇಗೆ ಸಿಕ್ಕಿತು?”

ಅವರು ಹುಡುಕಿದಾಗ ಸಿಕ್ಕ ನನ್ನ ಪುಟದ ಪ್ರತಿ ತೆರೆದು, ಚಿತ್ರದ ಮೇಲೆ ಒತ್ತಿ, ಅದನ್ನೊಂದನ್ನೇ ಬೇರೆ ಕಿಟಕಿಯಲ್ಲಿ ತೆರೆದರು. ಭಾವ ಪೂರ್ತಿ ಬಂದರು, ತಲೆಯಿಂದ ಕಾಲಿನ ತನಕ. “ನೀನು ಚಿತ್ರ ಕತ್ತರಿಸಿಲ್ಲ. ಅದರ ಮೇಲೆ ಪರದೆ ಎಳೆದಿದೀಯ. ಪರದೆ ಸರಿಸೋದು ಯಾರಿಗೆ ಬೇಕಾದ್ರೂ ಗೊತ್ತು.”

ಇದನ್ನು ಮೊದಲೇ ಹೇಳಿಕೊಡಬೇಕಿತ್ತು ಅಂತ ಸಿಟ್ಟು ಬಂತು. ಆಮೇಲೆ, ಹೇಳಿಕೊಟ್ಟ ದಿನ ನಾನು ಮೇಜಿನ ಕೆಳಗೆ ಫೋನ್ ಹಿಡಿದು ಎಷ್ಟು ಜನ ಓದಿದರು ಅಂತ ನೋಡುತ್ತಿದ್ದದ್ದು ನೆನಪಾಯಿತು.

ಜುಲೈ 1, ಮಂಗಳವಾರ

ಭಾವ ಮನೆಯಲ್ಲೇ ಇರುತ್ತಾರೆ. ಹಾಲ್ ಚಿಕ್ಕದು. ಅವರು ಕುರ್ಚಿಯಲ್ಲಿ, ನಾನು ಮೇಜಿನ ಮುಂದೆ. ನಲ್ಲಿ ಸರಿಮಾಡಿದರು, ಬಾಗಿಲಿನ ಚಿಲಕ ಸರಿಮಾಡಿದರು, ಸರಿಯಿದ್ದ ಫ್ಯಾನನ್ನೂ ಬಿಚ್ಚಿ ಜೋಡಿಸಿದರು. ನಾನು ಕೀಲಿಗಳನ್ನು ಸದ್ದಾಗದ ಹಾಗೆ ಒತ್ತುತ್ತೇನೆ. ಒತ್ತಿ ಬರೆಯುವುದೇನೂ ಇಲ್ಲ.

ಸಂಜೆ ಹೊತ್ತು ಎಲ್ಲಿಗೋ ಹೋಗಿ ಬರುತ್ತಾರೆ. ಎಲ್ಲಿಗೆ ಅಂತ ಅಕ್ಕನಿಗೂ ಹೇಳುತ್ತಿರಲಿಲ್ಲ. ಇವತ್ತು ಬಾಯಿಬಿಟ್ಟರು. ಆಸ್ಪತ್ರೆಗಂತೆ. ಆ ಅಜ್ಜಿಯನ್ನು ನೋಡೋಕೆ. ಅಜ್ಜಿಯ ಮಗ ವಾರ್ಡಿನಲ್ಲೇ ಎಲ್ಲರ ಮುಂದೆ ಬೈದನಂತೆ. “ಮಲಗೋಕೆ ಸಂಬಳ ತಗೋತೀಯಾ” ಅಂದನಂತೆ. ಅವನೂ ಓದಿದ್ದಾನೆ.

“ಮತ್ತೆ ಯಾಕೆ ಹೋಗ್ತೀರಿ?” ಅಂದಳು ಅಕ್ಕ.

“ಅವರಿಗೆ ನೋವಾಗಿದೆಯಲ್ಲ” ಅಂದರು ಭಾವ, ಅದೇನು ಕೇಳುವ ಪ್ರಶ್ನೆಯೇ ಅನ್ನುವ ಹಾಗೆ.

ಜುಲೈ 4, ಶುಕ್ರವಾರ

ಗಡ್ಡದವನು ಇವತ್ತು ತಾನಾಗಿ ಮಾತಾಡಿಸಿದ. ಒಳ್ಳೆಯವನೇ ಪಾಪ. “ನೋಡು, ಬ್ಲಾಗ್ ಹ್ಯಾಕ್ ಆಗಿತ್ತು ಅಂತ ಹೇಳಿಬಿಡು. ಯಾರೋ ಒಳಗೆ ನುಗ್ಗಿ ಆ ಸಾಲು ಸೇರಿಸಿದ್ರು ಅನ್ನು. ಆ ಕಂಪನಿಯವರಿಗೆ ಏನು ಗೊತ್ತಾಗತ್ತೆ? ಬೇಕಾದ್ರೆ ಹಾಗೆ ಕಾಣೋ ತರ ನಾನೇ ಏನಾದ್ರೂ ಮಾಡಿಕೊಡ್ತೀನಿ.”

ಬಸ್ಸಿನಲ್ಲಿ ಬರುವಾಗ ಎಷ್ಟು ಹಗುರ ಅನ್ನಿಸಿತು! ಯಾರದ್ದೂ ತಪ್ಪಿಲ್ಲ. ಭಾವನದ್ದೂ ಅಲ್ಲ, ನನ್ನದೂ ಅಲ್ಲ, ಯಾವನೋ ಕಾಣದವನದು. ಮನೆಗೆ ಬಂದವಳೇ ಅಕ್ಕನಿಗೆ ಹೇಳಿದೆ. ಅಕ್ಕನ ಮುಖದಲ್ಲಿ ಎಷ್ಟೋ ದಿನದ ಮೇಲೆ ಸ್ವಲ್ಪ ಬಣ್ಣ ಬಂತು. “ಹಾಗೇ ಹೇಳೋಣ. ಇದರಿಂದ ಯಾರಿಗೆ ನಷ್ಟ?”

ಭಾವ ಚಿಲಕಕ್ಕೆ ಎಣ್ಣೆ ಬಿಡುತ್ತಿದ್ದರು. ತಿರುಗಿ ನೋಡಲಿಲ್ಲ. “ಒಂದು ಸುಳ್ಳು ಸಾಕಾಗಲಿಲ್ವಾ ನಿಮ್ಮಿಬ್ಬರಿಗೆ?”

“ನಿಮ್ಮ ಕೆಲಸ ಉಳಿಯತ್ತಲ್ಲ ರೀ!”

“ನಾಳೆ ಅವರು ಅದನ್ನೂ ಕಂಡುಹಿಡಿದರೆ? ಆಗ ಗುಂಡಿಗೆ ಇಳಿದಿದ್ದೂ ಸುಳ್ಳು ಅಂತಾರೆ, ಸ್ವಿಚ್ಚಿನ ಬಗ್ಗೆ ಹೇಳಿದ್ದೂ ಸುಳ್ಳು ಅಂತಾರೆ. ನಾನು ಏನು ಹೇಳಿದ್ರೂ ಸುಳ್ಳಾಗತ್ತೆ.”

ಅಕ್ಕ ಅಳೋಕೆ ಶುರುಮಾಡಿದಳು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಕೂತೆ. ನಲ್ಲಿ ಈಗ ಚೆನ್ನಾಗಿ ಬರುತ್ತದೆ.

ಜುಲೈ 5, ಶನಿವಾರ

ಭಾವನನ್ನು ಕೇಳಿದೆ, “ನಾನೇ ಬಂದು ಹೇಳಲಾ? ಸುಳ್ಳು ಬರೆದೆ ಅಂತ?”

ಎಣ್ಣೆ ಡಬ್ಬಿಯ ಮುಚ್ಚಳ ತಿರುಗಿಸಿ ಹಾಕಿದರು. “ನಿನ್ನಿಷ್ಟ” ಅಂದರು.

ಜುಲೈ 8, ಮಂಗಳವಾರ

ಹೋಗಿದ್ದೆ. ಮರೆಯುವ ಮುಂಚೆ ಎಲ್ಲ ಬರೆದಿಡುತ್ತೇನೆ.

ಕಂಪನಿಯ ಆಫೀಸು ಗೋದಾಮಿನ ಮೇಲಿದೆ. ಮೆಟ್ಟಿಲು ಹತ್ತಿ ಹೋದೆವು. ಲಿಫ್ಟ್ ಕಂಪನಿಗೆ ಲಿಫ್ಟ್ ಇಲ್ಲ. ಇನ್ನೊಂದು ದಿನವಾಗಿದ್ದರೆ ಇದೊಂದೇ ಬರಹಕ್ಕೆ ಸಾಕಾಗುತ್ತಿತ್ತು. ಭಾವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನನ್ನೊಬ್ಬಳನ್ನು ಒಳಗೆ ಕರೆದರು. ಮೂವರಿದ್ದರು. ಸೂಪರ್‌ವೈಸರ್, ಆಫೀಸಿನ ಒಬ್ಬ ಮೇಡಂ, ತಲೆ ಪೂರ್ತಿ ಬೆಳ್ಳಗಾದ ಒಬ್ಬ ಎಂಜಿನಿಯರ್.

ಮೇಡಂ ಕೇಳಿದರು, “ಇದನ್ನ ಬರೆದದ್ದು ನೀವೇನಾ?”

“ಹೌದು ಮೇಡಂ. ಟಿಕ್ ಹಾಕಿದ್ರು ಅನ್ನೋದು ನಿಜ ಅಲ್ಲ. ನಾನು ಕಟ್ಟಿ ಬರೆದದ್ದು.”

ಸೂಪರ್‌ವೈಸರ್ ಕುರ್ಚಿಗೆ ಒರಗಿದ. “ಹಾಗಾದ್ರೆ ನೀವು ಸುಳ್ಳು ಬರೀತೀರಿ.”

“ಬರೆದೆ ಸರ್.”

“ಭಾವನ್ನ ಉಳಿಸೋಕೆ ಇವತ್ತು ಹೇಳ್ತಿರೋದು ಸುಳ್ಳಲ್ಲ ಅಂತ ನಾವು ಹೇಗೆ ನಂಬೋದು?”

ಮನೆಯಲ್ಲಿ ಕನ್ನಡಿ ಮುಂದೆ ಏನೇನೋ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಈ ಪ್ರಶ್ನೆ ಮಾತ್ರ ಅದರಲ್ಲಿರಲಿಲ್ಲ. “ಗೊತ್ತಿಲ್ಲ ಸರ್. ನಾನಾಗಿದ್ರೂ ನಂಬ್ತಿರಲಿಲ್ಲ” ಅಂದೆ.

ಎಂಜಿನಿಯರ್ ಹಾಳೆಗಳನ್ನು ಪಕ್ಕಕ್ಕೆ ಸರಿಸಿದರು. “ಬರೆದದ್ದು ಬಿಡಿ ಅಮ್ಮ. ಅವತ್ತು ಮಧ್ಯಾಹ್ನ ಮನೇಲಿ ಕಣ್ಣಿಗೆ ಏನು ಕಾಣಿಸಿತು, ಅದಷ್ಟೇ ಹೇಳಿ. ಬಂದರು. ಆಮೇಲೆ?”

“ಚಾಪೆ ಹಾಕಿಕೊಂಡು ಮಲಗಿದ್ರು.”

“ಬಟ್ಟೆ?”

“ಕಂಪನಿ ಅಂಗಿ. ಪ್ಯಾಂಟು ಒದ್ದೆ ಆಗಿತ್ತು. ನೆಲ ಎಲ್ಲ ನೀರು, ನಾನೇ ಒರೆಸಿದೆ. ನೀರು ಕಪ್ಪಗಿತ್ತು, ಜಿಡ್ಡು ಜಿಡ್ಡು, ಬಟ್ಟೆ ಸೋಪಿಗೂ ಹೋಗಲಿಲ್ಲ.”

“ಎಲ್ಲಿ ತನಕ ಒದ್ದೆ?”

“ಮೊಣಕಾಲಿನ ತನಕ.”

“ಇದನ್ನ ಯಾಕೆ ಬರೀಲಿಲ್ಲ?”

“ನಗು ಬರೋ ವಿಷಯ ಅಲ್ವಲ್ಲ ಸರ್.”

ಅವರು ಪೂರ್ತಿ ಫೋಟೋ ಇದೆಯೆ ಅಂತ ಕೇಳಿದರು. ಫೋನಿನಲ್ಲಿತ್ತು. ಕೊಟ್ಟೆ. ಬೆರಳಲ್ಲಿ ದೊಡ್ಡದು ಮಾಡಿ ಕಾಲಿನ ಕಡೆ ತುಂಬಾ ಹೊತ್ತು ನೋಡಿದರು. ಆಮೇಲೆ ಸೂಪರ್‌ವೈಸರ್ ಮುಂದೆ ಹಿಡಿದರು. “ನೀವು ಮುಖ ಮಾತ್ರ ದೊಡ್ಡದು ಮಾಡಿ ತಂದ್ರಿ. ಕಾಲು ನೋಡಿ. ಆ ಕಟ್ಟಡದ ಗುಂಡಿ ಒಸರೋದು ನಿಮಗೂ ಗೊತ್ತು, ನನಗೂ ಗೊತ್ತು. ಹೊರಗೆ ಬಿಸಿಲು ಕಾಯ್ತಿದ್ದ ದಿನ ಗುಂಡಿಗೆ ಇಳಿಯದವನ ಪ್ಯಾಂಟಿಗೆ ಈ ಜಿಡ್ಡು ನೀರು ಎಲ್ಲಿಂದ ಬಂತು?”

ಸೂಪರ್‌ವೈಸರ್ ಏನೋ ಗೊಣಗಿದ. ಎಂಜಿನಿಯರ್ ದನಿ ಏರಿಸದೆ ಇನ್ನೊಂದು ಮಾತು ಕೇಳಿದರು. “ಬಾಗಿಲಿನ ಸ್ವಿಚ್ ಬದಲಾಯಿಸಬೇಕು ಅಂತ ಇವನು ಹೇಳಿದ್ದನಂತಲ್ಲ. ಹೊಸ ಸ್ವಿಚ್ ಯಾಕೆ ಬರಲಿಲ್ಲ?” ಆಗ ಮೇಡಂ ನನ್ನನ್ನು ಹೊರಗೆ ಹೋಗಿ ಅಂದರು.

ಬೆಂಚಿನ ಮೇಲೆ ಭಾವನ ಪಕ್ಕ ಕೂತೆ. “ಏನಂದ್ರು?” ಅಂತ ಅವರು ಕೇಳಲಿಲ್ಲ. ಎದ್ದುಹೋಗಿ ಲೋಟದಲ್ಲಿ ನೀರು ತಂದುಕೊಟ್ಟರು.

ಜುಲೈ 15, ಮಂಗಳವಾರ

ಭಾವನಿಗೆ ಕೆಲಸ ವಾಪಸ್ ಸಿಕ್ಕಿದೆ. ಆದರೆ ಹಳೆಯ ಕಟ್ಟಡಗಳಿಲ್ಲ. ಊರಿನ ಇನ್ನೊಂದು ತುದಿಗೆ ಹಾಕಿದ್ದಾರೆ, ಎರಡು ಬಸ್ ಬದಲಿಸಬೇಕು. ಕಂಪನಿಯ ಅಂಗಿಯಲ್ಲಿ ಫೋಟೋ ಹೊರಗೆ ಹೋಗಿದ್ದಕ್ಕೆ ಒಂದು ಎಚ್ಚರಿಕೆ ಪತ್ರ. ಸ್ವಿಚ್ಚಿನ ವಿಷಯ ಆಮೇಲೆ ಯಾರೂ ಎತ್ತಲಿಲ್ಲವಂತೆ.

“ಕಂಪನಿಯವರ ತಪ್ಪಿಗೆ ಯಾರೂ ಪತ್ರ ಕೊಡಲ್ವಾ?” ಅಂದಳು ಅಕ್ಕ. ನನ್ನ ಕಡೆ ನೋಡಲಿಲ್ಲ. ಈಗಲೂ ನನಗೆ ಬಡಿಸುತ್ತಾಳೆ, ಸಾಕಾ ಬೇಕಾ ಕೇಳುತ್ತಾಳೆ. ಅದರಾಚೆ ಮಾತಿಲ್ಲ.

ಸರ್ ಪ್ರದರ್ಶನಕ್ಕೆ ಬೇರೆ ಏನಾದರೂ ಮಾಡು ಅಂದಿದ್ದಾರೆ. ಕಾಲಾವಕಾಶ ಕಡಿಮೆ. ಕೆಲಸ ಕೊಡುವವರು ಬಂದಾಗ ತೋರಿಸೋಕೆ ನನ್ನ ಹತ್ತಿರ ಒಂದು ಖಾಲಿ ಪುಟವಿದೆ. ಗಡ್ಡದವನು ತನ್ನ ಗುಂಪಿಗೆ ಸೇರಿಕೋ ಅಂದ. ಬೇಡ ಅಂದೆ. ಡಬ್ಬಿಗಳನ್ನು ಸಾಲಾಗಿ ನಿಲ್ಲಿಸುವುದನ್ನು ಮೊದಲಿಂದ ಕಲಿಯುತ್ತಿದ್ದೇನೆ. ಈ ಸಲ ನಿಂತವು.

ಜುಲೈ 20, ಭಾನುವಾರ

ಬ್ಲಾಗಿನಲ್ಲಿ ತಿದ್ದುಪಡಿ ಹಾಕಬೇಕೆಂದು ಮೂರು ದಿನ ಕೂತು ಬರೆದೆ. ಕೆಳಗೆ ನನ್ನ ಪೂರ್ತಿ ಹೆಸರು. ಈ ಸಲ ಹಾಕುವ ಮುಂಚೆ ಭಾವನಿಗೆ ತೋರಿಸಿದೆ. ಅಕ್ಷರ ದೊಡ್ಡದು ಮಾಡಿ ಕೊಟ್ಟೆ. ಅಕ್ಕ ಅಂಗಡಿಯಿಂದ ತಂದ ಹೊಸ ಕನ್ನಡಕ ಹಾಕಿಕೊಂಡು, ನನ್ನ ಕುರ್ಚಿಯಲ್ಲಿ ಕೂತು, ತುಟಿ ಅಲ್ಲಾಡಿಸುತ್ತಾ ಓದಿದರು. ನಾನು ಹಿಂದೆ ನಿಂತಿದ್ದೆ. ಅವರ ಕಣ್ಣಲ್ಲಿ ನೀರು ಬರುತ್ತದೆ ಅಂದುಕೊಂಡಿದ್ದೆ.

“ಯಾರ ಬಗ್ಗೆ ಇದು?” ಅಂದರು.

“ನಿಮ್ಮ ಬಗ್ಗೆ ಭಾವ.”

“‘ಜೀವನದಲ್ಲಿ ಎಂದೂ ಕರ್ತವ್ಯ ತಪ್ಪದವರು’ ಅಂತ ಇದೆ. ‘ಪ್ರತಿ ಲಿಫ್ಟನ್ನೂ ಮಗುವಿನಂತೆ ಕಾಪಾಡುವವರು’ ಅಂತ ಇದೆ.” ಕನ್ನಡಕ ತೆಗೆದರು. “ಅವತ್ತು ಸೋಮಾರಿ ಮಾಡಿದ್ದೆ, ಇವತ್ತು ಮಹಾತ್ಮ ಮಾಡಿದೀಯ.”

ನನಗೆ ನಿಜಕ್ಕೂ ಬೇಸರವಾಯಿತು. “ಒಳ್ಳೇದೇ ಬರೆದಿದೀನಲ್ಲ.”

“ಆ ಸ್ವಿಚ್ ಬಗ್ಗೆ ಎರಡು ಸಲ ಹೇಳಿದೆ. ಬರಲಿಲ್ಲ. ಸುಮ್ಮನಾದೆ. ಲಿಫ್ಟ್ ನಿಲ್ಲಿಸಿ ಬೋರ್ಡ್ ಹಾಕಿ ಬರೋ ಅಧಿಕಾರ ನನಗಿತ್ತು. ನಿಲ್ಲಿಸಿದ್ರೆ ಲ್ಯಾಬಿನವರು ಕೂಗಾಡ್ತಾರೆ, ಸೂಪರ್‌ವೈಸರ್ ಕೂಗಾಡ್ತಾನೆ. ಇನ್ನು ಸ್ವಲ್ಪ ದಿನ ತಳ್ಳತ್ತೆ ಅಂದುಕೊಂಡೆ. ಅವತ್ತು ಬೋರ್ಡ್ ಹಾಕಿದ್ದಿದ್ರೆ ಆ ಅಜ್ಜಿ ಲಿಫ್ಟ್ ಹತ್ತುತ್ತಲೇ ಇರಲಿಲ್ಲ.”

ಕಿಟಕಿಯಾಚೆ ಯಾರೋ ಸ್ಕೂಟರ್ ಶುರುಮಾಡೋಕೆ ಒದ್ದಾಡುತ್ತಿದ್ದರು. ಭಾವ ಆ ಸದ್ದು ನಿಲ್ಲುವ ತನಕ ಕೇಳಿಸಿಕೊಂಡರು.

“ಕಂಪನಿಯವರು ಕೇಳಿದ್ರೆ ಹೇಳ್ತಿದ್ದೆ. ಅವರಿಗೆ ನಾನು ಮಲಗಿದ್ನಾ ಇಲ್ವಾ ಅನ್ನೋದೇ ದೊಡ್ಡದಾಯಿತು. ಅಜ್ಜಿಗೆ ಹೇಳಿದೀನಿ. ಅವರ ಮಗನಿಗೂ.”

“ಇದನ್ನೂ ಬರೀಲಾ ಭಾವ?”

“ಬೇಡ. ನಿಂಗೆ ಹೇಳಿದ್ದು.”

ನಾನು ಬರೆದದ್ದನ್ನೆಲ್ಲ ಅಳಿಸಿದೆ. ಕೊನೆಗೆ ಹಾಕಿದ್ದು ನಾಲ್ಕೇ ಸಾಲು. ಹನ್ನೆರಡನೇ ತಾರೀಕಿನ ಬರಹದಲ್ಲಿ ಕಾರ್ಡಿಗೆ ಟಿಕ್ ಹಾಕಿದ ವಿಷಯ ನಾನು ಕಟ್ಟಿದ್ದು. ಫೋಟೋವನ್ನು ಅವರನ್ನು ಕೇಳದೆ ತೆಗೆದು, ಕೇಳದೆ ಹಾಕಿದ್ದು. ಅವರು ಆ ಬೆಳಗ್ಗೆ ಕೆಲಸ ಮಾಡಿ ಬಂದಿದ್ದರು. ಇದರಿಂದ ಅವರಿಗೆ ತೊಂದರೆಯಾಯಿತು. ಕೆಳಗೆ ಹೆಸರು.

ಅಕ್ಕ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು. “‘ಕೇಳದೆ’ ಎರಡು ಸಲ ಬಂದಿದೆ” ಅಂದಳು.

“ಇರಲಿ” ಅಂದೆ.

“ಇರಲಿ” ಅಂದಳು ಅವಳೂ.

ಜುಲೈ 27, ಭಾನುವಾರ

ಭಾವನ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಅಜ್ಜಿ ಈಗ ಮನೆಯಲ್ಲಿದ್ದಾರೆ, ವ್ಯಾಯಾಮ ಮಾಡಿಸೋಕೆ ಮಾತ್ರ ಕರೆತರುತ್ತಾರೆ. ನಾಲ್ಕು ಕಾಲಿನ ಸ್ಟ್ಯಾಂಡ್ ಹಿಡಿದು ನಡೆಯುತ್ತಾರೆ. ನಾನು ಅಂದುಕೊಂಡಿದ್ದಕ್ಕಿಂತ ಗಿಡ್ಡ, ಜೋರು ಬಾಯಿ. ಮಗ ನಮ್ಮನ್ನು ನೋಡಿ ಈ ಸಲ ಬೈಯಲಿಲ್ಲ. ಗಾಡಿ ನಿಲ್ಲಿಸಿ ಬರ್ತೀನಿ ಅಂತ ಹೋದ.

“ಯಾರಿದು?” ಅಂದರು ಅಜ್ಜಿ.

“ನಾದಿನಿ. ವೆಬ್‌ಸೈಟ್ ಮಾಡೋದು ಕಲೀತಿದಾಳೆ.”

“ಓ, ಆ ಹುಡುಗಿ.” ಮೇಲಿಂದ ಕೆಳಗೆ ನೋಡಿದರು. ನೆಲ ಬಾಯಿಬಿಡಬಾರದೆ ಅನ್ನಿಸಿತು. “ಚೆನ್ನಾಗಿ ಬರೀತೀಯಂತೆ. ನನ್ನ ಸೊಸೆ ನಕ್ಕು ನಕ್ಕು ಓದಿದ್ಲು, ಆಮೇಲೆ ನಾನು ಬಿದ್ದಿದ್ದು ನಿನ್ನ ಭಾವ ನೋಡ್ಕೊಳ್ಳೋ ಲಿಫ್ಟಲ್ಲಿ ಅಂತ ಗೊತ್ತಾಯ್ತು. ಹಿಡ್ಕೋ ಈ ಚೀಲ.”

ಚೀಲ ಹಿಡಿದುಕೊಂಡೆ.

ವ್ಯಾಯಾಮದ ಕೋಣೆ ಮೂರನೇ ಮಹಡಿಯಲ್ಲಿ. ಲಿಫ್ಟಿನ ಮುಂದೆ ಬಂದಾಗ ಅಜ್ಜಿ ನಿಂತುಬಿಟ್ಟರು. ಇಷ್ಟು ದಿನ ಮಗ, ವಾರ್ಡಿನ ಹುಡುಗರು ಸೇರಿ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲ ಮೇಲೆ ಎತ್ತಿಕೊಂಡು ಹೋಗುತ್ತಿದ್ದರಂತೆ. ಇವತ್ತು ಭಾನುವಾರ, ಎತ್ತುವವರಿಲ್ಲ. ಬಾಗಿಲು ತೆರೆಯಿತು, ಮುಚ್ಚಿತು. ಮತ್ತೆ ತೆರೆಯಿತು. ಅಜ್ಜಿ ಸ್ಟ್ಯಾಂಡನ್ನು ಒಂದು ಹೆಜ್ಜೆ ಹಿಂದಕ್ಕೆ ಎಳೆದುಕೊಂಡರು.

ಭಾವ ಒಳಗೆ ಹೋದರು. ಬಾಗಿಲಿನ ಅಂಚಿಗೆ ಕೈಯಿಟ್ಟು ಎರಡು ಸಲ ತೆಗೆಸಿ ಹಾಕಿಸಿದರು, ಬಗ್ಗಿ ನೋಡಿದರು. ಒಬ್ಬರೇ ಮೇಲೆ ಹೋಗಿ ಇಳಿದು ಬಂದರು. ಬಂದು ಅಜ್ಜಿಯ ಮುಂದೆ ನಿಂತರು.

“ಏನೂ ಆಗಲ್ಲ ಅಂತ ನಾನು ಹೇಳಲ್ಲ ಅಜ್ಜಿ. ಬಾಗಿಲು ನೋಡಿದೆ, ಚೆನ್ನಾಗಿದೆ. ನಿಂತರೂ ನಾನು ಒಳಗೇ ಇರ್ತೀನಿ. ಹಾರೋಕೆ ಯಾರೂ ಹೇಳಲ್ಲ.”

ಅಜ್ಜಿ ಭಾವನನ್ನು ನೋಡಿದರು. ಆಮೇಲೆ ಸ್ಟ್ಯಾಂಡಿನಿಂದ ಒಂದು ಕೈ ತೆಗೆದು ನನ್ನ ಮಣಿಕಟ್ಟು ಹಿಡಿದರು. ಉಗುರು ಚರ್ಮಕ್ಕೆ ನಾಟಿತು. ಮೂವರೂ ಒಳಗೆ ಹೋದೆವು. ಲಿಫ್ಟ್ ಹೊರಟಾಗ ಅವರು ಕಣ್ಣು ಮುಚ್ಚಿಕೊಂಡರು. ನಾನೂ ಮುಚ್ಚಿಕೊಂಡೆ. ಒಂದು ಸಣ್ಣ ಜೋಲಿ, ಆಮೇಲೆ ಗಾಳಿಯ ಸದ್ದು.

ಬಾಗಿಲು ತೆರೆದು ಭಾವ ಆಚೆ ನಿಂತು “ಬನ್ನಿ” ಅಂದ ಮೇಲೂ ಅಜ್ಜಿ ನನ್ನ ಕೈ ಬಿಡಲಿಲ್ಲ. ವ್ಯಾಯಾಮ ಮುಗಿಯುವ ತನಕ ಹಾಗೇ ಹಿಡಿದುಕೊಂಡಿದ್ದರು.